ಒಂದ ಎಳಿ

ಕೈಗಾಡಿ ಮ್ಯಾಲ ಚಾದರ ಹೊಚ್ಚಿ
ಜ್ವರ ಬಂದ ಕೂಸಿನ್ನ ತಂದಂಗ ತಂದ್ಲು ಮುರಿಗೆವ್ವ
ಕಟಗಿ ಬಾಗ್ಲದ ಹಳೇ ಟಿವಿ.
“ಲಾಡ್ಲೆ, ಇದು ಸತ್ತೈತೋ ಇಲ್ಲೋ, ಅಷ್ಟ ಹೇಳು.
ಸತ್ತಿದ್ರ ನವನಗರದಾಂವ ಒಯ್ತಾನಂತ.
ಹೊಟ್ಟಿ ಬಗದು, ನೀರ ತುಂಬಿ, ಮೀನ ಬಿಡ್ತಾನಂತ.
ಜೀವ ಇದ್ರ ಕೊಡಾಂಗಿಲ್ಲ.”

ಗುಳೇದಗುಡ್ಡದಾಗ ನನ್ನ ಅಂಗಡಿಗೆ ಈಗ
ಮಿಕ್ಸರ್ ಬರ್ತಾವು, ಗಾಜ ಒಡದ ಫೋನ್ ಬರ್ತಾವು.
ಇಂಥಾ ಡಬ್ಬಿ ಬಂದು ಹನ್ನೆರಡು ವರ್ಸಾತು.
ಹಿಂದಿನ ಫಳಿ ಬಿಚ್ಚಿದೆ.
ಜಾಡು, ಜಾಡಿನಾಗ ಒಂದು ಒಣಗಿದ ಹಲ್ಲಿ,
ಹನ್ನೊಂದು ಶೇಂಗಾ ಕಾಳು.
“ನಮ್ಮ ಈರಣ್ಣ,” ಅಂದ್ಲು, “ಸಣ್ಣಾಂವಿದ್ದಾಗ
ಒಳಗಿನ ಮಂದಿ ಉಪಾಸ ಇದ್ದಾರಂತ
ಸಂದಿಯಾಗಿಂದ ಹಾಕ್ತಿದ್ದ.”

ಸ್ವಿಚ್ ಒತ್ತಿ ಕುಂತ್ವಿ. ಕಾಯಾಕ ಹೊತ್ತು ಬೇಕು ಇದಕ್ಕ.
ಮೊದಲ ಗುಂಯ್ ಅಂತು, ಆಮ್ಯಾಲ ಸುಟ್ಟ ಧೂಳಿನ ವಾಸನಿ,
ಆಮ್ಯಾಲ ಗಾಜಿನ ನಟ್ಟನಡುವ
ಈ ಕಡಿಯಿಂದ ಆ ಕಡಿಗೆ
ಒಂದ ಬೆಳ್ಳನ ಗೆರಿ.
ಮ್ಯಾಲ ಕತ್ತಲ, ತೆಳಗ ಕತ್ತಲ.

ಗಡಬಡಿಸಿ ಬೆಳಕ ತಗ್ಗಿಸಿದೆ.
ಹಂಗ ಬಿಟ್ರ ಆ ಗೆರಿ
ಗಾಜಿನ ಒಳಮೈಗೆ ಬರಿ ಎಳೀತೈತಿ,
ಹುಟ್ಟುಮಚ್ಚಿಯಂಗ ಉಳದಬಿಡ್ತೈತಿ.

ಕೆಪಾಸಿಟರ್ ಬದಲಿಸಿದೆ. ಗೆರಿ.
ಟ್ರಾನ್ಸಿಸ್ಟರ್ ಬಿಚ್ಚಿ ಮೀಟರ್ ಹಚ್ಚಿದೆ, ಬದುಕಿತ್ತು,
ಹೊಳ್ಳಿ ಹಾಕಿದೆ. ಗೆರಿ.
ಎತ್ತರದ ತಿರುಗಣಿ ಅತ್ಲಾಗ ಇತ್ಲಾಗ. ಗೆರಿ.
ಫಳಿಗೆ ಅಂಟಿಸಿದ್ದ ನಕಾಶಿ ಜಿರಳಿ ತಿಂದಿತ್ತು,
ನನಗ ಬೇಕಾದ ಮೂಲೀನ ತಿಂದಿತ್ತು.

ನಾ ಬೆನ್ನಿನ ಕಡಿ, ಟಿವಿಯ ಮಾರಿ ಆ ಕಡಿ.
ಕನ್ನಡಿ ಕೊಟ್ಟು ಎದುರಿಗೆ ನಿಂದ್ರಿಸಿದೆ ಆಕೀನ್ನ.
ಕುಣಿಮಗ್ಗದಾಗ ಐವತ್ತು ವರ್ಸ ಆಡಿದ ತ್ವಾಳು,
ಅಳಗ್ಯಾಡ್ಲಿಲ್ಲ.
ಕನ್ನಡಿ ಮ್ಯಾಲಿಂದ ಹಣಿಕಿ ಹಾಕಿ ಸಾವಕಾಶ ಅಂದ್ಲು:
“ಲಾಳಿ ಓಡಾಕತ್ತೈತಿ ತಮ್ಮಾ.
ಅತ್ತಿಂದಿತ್ತ ನೆಟ್ಟಗ ಓಡಾಕತ್ತೈತಿ.
ಬಟ್ಟಿ ಸುತ್ತವಲ್ದು.
ಹೊಕ್ಕಿನ ಮ್ಯಾಲ ಹೊಕ್ಕು ಅದ ಜಾಗಾದಾಗ ಬೀಳಾಕತ್ತೈತಿ.
ಲಾಳೀನ್ನ ಯಾಕ ಬೈತಿ? ದಿಂಡ ನೋಡು.”

ದಿಂಡ.
ಇಪ್ಪತ್ತೇಳು ವರ್ಸದ ಕೆಲಸಗಾರ ನಾನು
ಸ್ವಿಚ್ ತಗದು, ಸುಮ್ಮನ,
ಕೊಳವಿಯ ಕೊರಳಿಗೆ ಸುತ್ತಿದ ತಂತಿ ಹಿಡದು
ಬೆರಳ ಜಾರಿಸ್ಕೋತ ಬಂದೆ ಪ್ಲಗ್ಗಿನ ತನಕ.
ಭೂತಗನ್ನಡಿಯಾಗ ಕಂಡ್ತು:
ಬೆಸುಗಿ ಸುತ್ತ ಕೂದಲೆಳಿಯಂಥ ಕರೀ ಉಂಗುರ.
ಮುಟ್ಟಿದಂಗ ಕಾಣತಿತ್ತು, ಮುಟ್ಟಿದ್ದಿಲ್ಲ.
ಕಾದ ತುದಿ ಹಚ್ಚಿದೆ. ಸಾಸಿವಿಯಷ್ಟು ಸೀಸ.
ಒಂದು ಎಳಿ ಹೊಗಿ.

ಗೆರಿ ಬಾಯಿ ತೆರೀತು.
ಮ್ಯಾಲಕ್ಕ, ತೆಳಕ್ಕ, ಮೂಲಿ ಮೂಲಿಗೆ.
ಗಾಳಿಯಾಗ ಈಗ ಇಂಥಾವಕ್ಕ ಯಾರೂ ಏನೂ ಕಳಸಾಂಗಿಲ್ಲ,
ನನ್ನ ಪರೀಕ್ಷಾ ಡಬ್ಬಿ ಜೋಡಿಸಿದೆ:
ಅಡ್ಡ ಗೆರಿ, ಉದ್ದ ಗೆರಿ,
ಗಾಜಿನ ತುಂಬ ಚೌಕಡಿ.

“ಛಲೋ ಆತು,” ಅಂದೆ.
“ಇಲ್ಲ,” ಅಂದ್ಲು.
“ತೆಳಗಿನ ಚೌಕ ಕುಗ್ಗ್ಯಾವು. ಇನ್ನಾ ಎರಡ ಎಳಿ ಬಿಡು.”
ಬಿಟ್ಟೆ.
“ಹೆಚ್ಚಾತು. ಒಂದ ಎಳಿ ಹಿಂದ.”
ಕನ್ನಡಿಯಾಗ ನನಗ ಎರಡೂ ಒಂದ.
ಆಕಿ ಮಾತಿನ ಮ್ಯಾಲ ತಿರುಗಣಿ ತಿರವಿದೆ,
ತಿರುಗಿತೋ ಇಲ್ಲೋ ಅನ್ನೂವಷ್ಟು.
“ಹಾಂ. ಅಲ್ಲೇ ನಿಲ್ಲು.”

ಕನ್ನಡಿ ಇಳಿಸಿ ಗಾಜಿನ ಮ್ಯಾಲ ಅಂಗೈ ಇಟ್ಲು.
ಮುಂಗೈ ಕೂದಲು ನಿಗರಿ ನಿಂತ್ವು, ಚಿಟಪಟ ಅಂದ್ವು.
“ಜೀವ ಐತಿ,” ಅಂದ್ಲು.

ಕೂಲಿ ನಾ ತೊಗೊಳ್ಳೂದೋ ಕೊಡೂದೋ ತಿಳೀಲಿಲ್ಲ.
“ಚಾನಲ್ ಬರಾಕ ಬ್ಯಾರೆ ಡಬ್ಬಿ ಬೇಕ್ರಿ ಯಕ್ಕಾ,
ಅದಕ್ಕೊಂದು ತಂತಿ, ಆ ತಂತಿಗೆ ಮತ್ತೊಂದು...”

“ಅವೇನ್ ಬ್ಯಾಡ,” ಅಂದ್ಲು, ಚಾದರ ಝಾಡಿಸ್ಕೋತ.
“ಈ ಚೌಕಡಿ ಡಬ್ಬಿ ಎಷ್ಟಕ್ಕ ಕೊಡ್ತಿ?”