ಕಲ್ಲು ತೇಲುತ್ತದೆಯೇ

ರೇಕ್ಯಾವಿಕ್‌ನಲ್ಲಿ ಜೂನ್. ರಾತ್ರಿ ಹನ್ನೊಂದೂವರೆ,
ಕಿಟಕಿಯಲ್ಲಿ ಇನ್ನೂ ಇಳಿಬಿಸಿಲು.
ಈ ಊರಿನ ಬೇಸಿಗೆಯಲ್ಲಿ ಇರುಳು ತಾನಾಗಿ ಬರುವುದಿಲ್ಲ,
ನಾವೇ ಎಳೆದು ತರಬೇಕು:
ಪರದೆಗೆ ಕ್ಲಿಪ್ಪು, ಬಾಗಿಲ ಗಾಜಿಗೆ ಟವೆಲ್ಲು,
ಮಾನಿಟರಿನ ಹಸಿರು ಮುಖ ಗೋಡೆಯ ಕಡೆಗೆ.

ಆರನೇ ಹಾಸಿಗೆಯ ಹಾವ್ಲಿದಿ.
ಗಂಟಲ ಕೊಳವೆ ತೆಗೆದು ಎರಡು ದಿನ.
ಉಸಿರು ಮರಳಿದೆ. ಅವನು ಮರಳಿಲ್ಲ.
ಮಾಡಿನ ಮೇಲೆ ಬೂದಿ ಬೀಳ್ತಿದೆ, ಅನ್ನುತ್ತಾನೆ,
ಸಲಿಕೆ ಕೊಡಿ, ಸಲಿಕೆ,
ಮನೆ ಕುಸಿಯುತ್ತೆ.
ಕತ್ತಿನ ನಳಿಕೆಯನ್ನು ಜಗ್ಗುತ್ತಾನೆ
ಹಗ್ಗವೆಂದುಕೊಂಡು.

ಹಾಳೆ ಹಿಡಿದು ಕೂತೆ. ಪಾಳಿಗೊಮ್ಮೆ ಕೇಳುವ ಪ್ರಶ್ನೆಗಳು.
ಅಕ್ಷರ ಹೇಳುತ್ತಾ ಹೋಗುತ್ತೇನೆ,
'ಆ' ಬಂದಾಗ ಮಾತ್ರ ನನ್ನ ಕೈ ಒತ್ತು.
ಎಲ್ಲಕ್ಕೂ ಒತ್ತಿದ. ಆಮೇಲೆ ಬಿಡಲೇ ಇಲ್ಲ.
ಸಮುದ್ರದಲ್ಲಿ ಮೀನಿದೆಯೇ?
ಇದೆ.
ಸುತ್ತಿಗೆಯಿಂದ ಮೊಳೆ ಹೊಡೆಯಬಹುದೇ?
ಹೊಡೀರಿ, ಬೇಗ, ಕಿಟಕಿಗೆಲ್ಲ ತಗಡು ಹೊಡೀರಿ.
ಕಲ್ಲು ನೀರಲ್ಲಿ ತೇಲುತ್ತದೆಯೇ?
ತೇಲುತ್ತೆ, ಎಂದ, ತಡವಿಲ್ಲದೆ,
ಹೆಸರು ಕೇಳಿದರೆ ಹೇಳುವ ಹಾಗೆ.
ತಪ್ಪು, ಎಂದು ಗೀಟು ಹಾಕಿದೆ.

ಬಾಗಿಲಲ್ಲಿ ಯುವ ವೈದ್ಯ ಬೆರ್ಗ್‌ಥೋರ್:
ಇಂಜೆಕ್ಷನ್ ಕೊಟ್ಟು ಮಲಗಿಸೋಣವೇ?
ಅವನದೂ ತಪ್ಪಲ್ಲ, ಅವನ ಪಾಳಿಗೆ ಅದು ಹದಿನಾರನೇ ಗಂಟೆ.
ಔಷಧಿ ಕೆಡವುವ ನಿದ್ದೆ ನಿದ್ದೆಯಲ್ಲ, ಎಂದೆ,
ಒಂದು ತಾಸು ಕೊಡು.

ಮೊದಲು ಹುಡುಕಿದ್ದು ಕಿವಿಯ ಯಂತ್ರ.
ಆಂಬ್ಯುಲೆನ್ಸಿನ ಪ್ಲಾಸ್ಟಿಕ್ ಚೀಲದಲ್ಲಿತ್ತು, ಕಾಲುಚೀಲದೊಳಗೆ.
ಹನ್ನೊಂದು ದಿನ ಅವನಿಗೆ ನಾವು ಬರೀ ತುಟಿಗಳು,
ಅದೂ ಮಾಸ್ಕಿನ ಹಿಂದೆ.
ಹೊಸ ಬ್ಯಾಟರಿ. ಕಾಲು ಮುರಿದ ಕನ್ನಡಕಕ್ಕೆ ಟೇಪು.
ಮೂತ್ರದ ನಳಿಕೆ ಇನ್ನು ಬೇಕಿಲ್ಲ, ತೆಗೆದೆ.
ಪಂಪಿನ ಕೂಗು ತಗ್ಗಿಸಿದೆ.
ಆಮೇಲೆ ಕಿವಿಯ ಬಳಿ ಬಾಗಿ:
ಹಾವ್ಲಿದಿ, ಇದು ಆಸ್ಪತ್ರೆ. ಇವತ್ತು ಗುರುವಾರ. ಈಗ ರಾತ್ರಿ.
ಕಿಟಕಿ ಹೇಳುವುದನ್ನು ನಂಬಬೇಡ.
ಹೇಳಿದ್ದನ್ನೇ ಹೇಳಿದೆ, ಕಾಲು ತಾಸಿಗೊಮ್ಮೆ,
ಮಗುವಿಗೆ ತುತ್ತು ಇಡುವ ಹಾಗೆ,
ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ.
ಎರಡೂವರೆಗೆ ಕಣ್ಣು ಮುಚ್ಚಿದ.
ನಾಲ್ಕಕ್ಕೆ ತೆಗೆಯಬೇಕಿದ್ದ ರಕ್ತವನ್ನು
ಏಳಕ್ಕೆ ತಳ್ಳಿದೆ.

ಬೆಳಿಗ್ಗೆ ಮಗಳು ಬಂದಳು, ಸ್ಟೇನ್ವೋರ್,
ಬಸ್ಸು ಓಡಿಸುವವಳು, ಸಮವಸ್ತ್ರದಲ್ಲೇ.
ಬೂದಿಯ ಮಾತು ಹೇಳಿದೆ, ಕಲ್ಲಿನ ಮಾತೂ,
ಸ್ವಲ್ಪ ನಗುತ್ತಾ.
ಅವಳು ನಗಲಿಲ್ಲ.
ಅಪ್ಪ ಹೇಮಾಯ್ ದ್ವೀಪದವನು, ಎಂದಳು.
ಎಪ್ಪತ್ತಮೂರರ ಜನವರಿಯಲ್ಲಿ
ಊರ ಬೆನ್ನಿಗೇ ನೆಲ ಸೀಳಿ ಬೆಂಕಿ ಎದ್ದಾಗ
ಇಪ್ಪತ್ತರ ಹುಡುಗ. ಎಲ್ಲರೂ ದೋಣಿ ಹತ್ತಿ ಹೋದ ಮೇಲೆ
ಮಾಡು ಮಾಡಿಗೆ ಹತ್ತಿ ಬೂದಿ ತೋಡಿದವನು.
ಬಂದರಿನ ನೀರೇ ಕಾಣುತ್ತಿರಲಿಲ್ಲವಂತೆ,
ಮೇಲೆಲ್ಲ ಕಲ್ಲು,
ದೋಣಿಗಳು ಕಲ್ಲನ್ನು ಸರಿಸಿಕೊಂಡು ಬರುತ್ತಿದ್ದವಂತೆ.
ನಮ್ಮ ಬಚ್ಚಲಲ್ಲಿ ಈಗಲೂ ಒಂದಿದೆ,
ಹಿಮ್ಮಡಿ ಉಜ್ಜುವುದಕ್ಕೆ.

ಹಾಳೆ ತೆಗೆದು ನೋಡಿದೆ. ಗೀಟು ಅಳಿಸಲಿಲ್ಲ.
ಅಕ್ಷರಗಳಲ್ಲಿ ಅವನು ಸೋತಿದ್ದು ನಿಜ,
ಚಾವಣಿಯಲ್ಲಿ ಬೂದಿ ಇಲ್ಲದ್ದೂ ನಿಜ.
ಭ್ರಾಂತಿ ಭ್ರಾಂತಿಯೇ.
ಅದರ ತಳದಲ್ಲೊಂದು ಬಂದರಿದೆಯೆಂದು
ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ,
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ.

ಐದನೇ ದಿನ ಕುರ್ಚಿಯಲ್ಲಿ ಕೂತು ಗಟ್ಟಿಮೊಸರು ತಿನ್ನುತ್ತಿದ್ದ.
'ಆ' ಬಂದಾಗ ಒತ್ತಿದ, ಉಳಿದದ್ದಕ್ಕೆ ಇಲ್ಲ.
ಮೀನು, ಸುತ್ತಿಗೆ, ಎಲ್ಲ ಸರಿ.
ಕಲ್ಲು ನೀರಲ್ಲಿ ತೇಲುತ್ತದೆಯೇ?
ಚಮಚ ನಿಲ್ಲಿಸಿದ. ಟೇಪು ಸುತ್ತಿದ ಕನ್ನಡಕದಿಂದ
ನನ್ನನ್ನೇ ದಿಟ್ಟಿಸಿದ,
ನನಗೇ ಏನೋ ಆಗಿದೆ ಎಂಬಂತೆ.

ಯಾವ ಕಲ್ಲು?