ಮಸಿ

ನಮ್ಮ ಕಡೆ ಎಣ್ಣೆ ದೀಪಕ್ಕೂ ಚಿಮಣಿ ಅಂತಾರ,
ಮುಗಿಲಿಗೆ ಚುಚ್ಚಿ ನಿಂತ ಆ ಹೊಗೆಗೊಳವಿಗೂ ಅದೇ ಹೆಸರು.
ಶಕ್ತಿನಗರದ ಬಗಲಲ್ಲಿ ಹುಟ್ಟಿದ ನಾನು
ದೊಡ್ಡ ಚಿಮಣಿಯ ನೆರಳಲ್ಲಿ
ಸಣ್ಣ ಚಿಮಣಿ ಹಚ್ಚಿಕೊಂಡು ಮಗ್ಗಿ ಕಲಿತವಳು.

ಈಗ ಕೈಯಲ್ಲಿ ರಟ್ಟು, ರಟ್ಟಿಗೊಂದು ಕ್ಲಿಪ್ಪು,
ಇಪ್ಪತ್ತೆರಡು ಪುಟದ ಮಸೂದೆ, ಅದರಡಿ ಸಹಿ ಹಾಳೆ.
ಕಲ್ಲಿದ್ದಲ ಉರಿಯನ್ನು ವರ್ಷದಿಂದ ವರ್ಷಕ್ಕೆ ತಗ್ಗಿಸತಕ್ಕದ್ದು,
ತಗ್ಗಿದ ಪಾಲನ್ನು ಬಿಸಿಲು ಗಾಳಿಯಿಂದ ತುಂಬತಕ್ಕದ್ದು,
ತಕ್ಕದ್ದು, ತಕ್ಕದ್ದು ಎಂದು ಓದುತ್ತ ಹೋದರೆ
ಹೊಸ್ತಿಲಲ್ಲಿ ಕೂತ ಹುಲಿಗೆಮ್ಮ ಆಕಳಿಸಿದಳು:
"ಬಿಸಿಲಿಗೂ ಕಾಯ್ದೆ ಬೇಕೇನವ್ವ?
ರಾಯಚೂರಾಗ ಅದು ಯಾರ ಮಾತೂ ಕೇಳಿಲ್ಲ ಇಲ್ಲಿತನ."

ನಕ್ಕೆವು. ನಗುತ್ತಲೇ ಸಹಿ ಮಾಡಿದಳು.
ಮಾಳಿಗೆಯ ಮೇಲೆ ಹಾಕಿದ ಸಂಡಿಗೆ
ಸಂಜೆಗೆ ಬೂದಿ ಬಣ್ಣ ಆಗಬಾರದು, ಅಷ್ಟೇ ಆಕೆಯ ಬೇಡಿಕೆ.
ಅಷ್ಟನ್ನು ಯಾವ ಕಲಮಿನಲ್ಲಿ ಬರೆಯುವುದು?
ಅಂಚಿನಲ್ಲಿ ಪೆನ್ಸಿಲಿನಿಂದ "ಸಂಡಿಗೆ" ಎಂದು ಬರೆದುಕೊಂಡೆ.

ಪಂಚಾಯಿತಿ ಅಧ್ಯಕ್ಷರು ಮೊದಲು ಕೇಳಿದ್ದು, ಯಾವ ಪಕ್ಷದ್ದು?
ಬೂದಿ ಇಟ್ಟಂಗಿ ಭಟ್ಟಿಯ ಸಾಹುಕಾರ ಕೇಳಿದ್ದು,
ಬೂದಿ ನಿಂತರ ನನ್ನ ಗತಿ?
ಅಯ್ಯಣ್ಣ ಮೇಷ್ಟ್ರು ಕಾಗುಣಿತದ ತಪ್ಪು ಒಂಬತ್ತು ತಿದ್ದಿ
ಸಹಿ ಹಾಕುವುದನ್ನೇ ಮರೆತರು.

ಆಮೇಲೆ ದಾವಲಸಾಬ.
ಕಲ್ಲಿದ್ದಲ ವ್ಯಾಗನ್ನು ಬೋರಲು ಹಾಕುವ ಯಂತ್ರದ ಹತ್ತಿರ
ಹತ್ತೊಂಬತ್ತು ವರ್ಷ. ಗುತ್ತಿಗೆ. ಇವತ್ತಿಗೂ ಗುತ್ತಿಗೆ.
ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ, ಕೈ ತೊಳೆದಿರಲಿಲ್ಲ.
ಕನ್ನಡಕ ಹುಡುಕಿದ, ಒಂದೊಂದೇ ಪುಟ ಓದಿದ,
ನಡುವೆ ಎರಡು ಸಲ ಚಹಾ ಬಂತು.
ಸದನದಲ್ಲಿ ಯಾರೂ ಇಷ್ಟು ಓದಲಿಕ್ಕಿಲ್ಲ.

"ಇದರಾಗ ನಾ ಎಲ್ಲಿದ್ದೀನಿ?" ಅಂದ.

ಪುಟ ತಿರುವಿದೆ. ಹೂಡಿಕೆದಾರರು ಇದ್ದರು,
ಮುಂದಿನ ಪೀಳಿಗೆ ಇತ್ತು, ಧ್ರುವದ ಹಿಮವೂ ಇತ್ತು.
ಹದಿನೇಳನೆಯ ಪುಟದಲ್ಲಿ
"ಕಾಯಂ ನೌಕರರ ಮರುನೇಮಕ".
"ಕಾಯಂ," ಅಂದ. ಆ ಪದದ ಮೇಲೆ ಬೆರಳಿಟ್ಟ.
ಬೆರಳು ಎತ್ತಿದಾಗ
ಪದ ಕಾಣಲಿಲ್ಲ.

ಖಾಲಿ ಹಾಳೆ ಹಿಡಿದು ಎದ್ದು ಬಂದೆ.
ನಗರದ ನಮ್ಮ ಗೆಳೆಯರು ಮುಖ ಗಂಟಿಕ್ಕಿದರು:
ಒಂದು ಸಾಲು ಸೇರಿಸಿದರೆ ನಾಳೆ ಹತ್ತು ಸಾಲು ಕೇಳುತ್ತಾರೆ,
ಅಧಿವೇಶನ ಹತ್ತಿರ ಬಂತು, ಮಳೆಗಾಲ ಕಾಯುವುದಿಲ್ಲ.
ಮಳೆಗಾಲ ನಿಜಕ್ಕೂ ಕಾಯಲಿಲ್ಲ, ಬಾರದೆಯೇ ಹೋಯಿತು.
ನಾಲ್ಕು ಆದಿತ್ಯವಾರ ರೈಲ್ವೆ ಗೇಟಿನ ಚಹಾದಂಗಡಿಯಲ್ಲಿ
ಜಗಳ, ಮಂಡಾಳ ಒಗ್ಗರಣೆ, ಮತ್ತೆ ಜಗಳ.
ಕೊನೆಗೆ ಒಂದು ಸಾಲು:
ಗುತ್ತಿಗೆಯವರನ್ನು ಮೊದಲು.
ಇಪ್ಪತ್ತೆರಡು ಪುಟದಲ್ಲಿ "ತಕ್ಕದ್ದು" ಇಲ್ಲದ ಸಾಲು ಅದೊಂದೇ.

ಮತ್ತೆ ಹೋದೆ. ಪೆನ್ನು ಕೊಟ್ಟೆ.
ಹತ್ತನೇ ಪಾಸಾದ ದಾವಲಸಾಬ ಪೆನ್ನು ಮುಟ್ಟಲಿಲ್ಲ.
"ಹೆಬ್ಬೆಟ್ಟು ಒತ್ತತೀನಿ."
ಶಾಯಿ ಪ್ಯಾಡು ತಂದಿಲ್ಲ ಅಂದೆ.
"ಮಸಿ ಅದ," ಅಂದ.

ಅವನ ಹಿಂದೆ ಅವನ ಪಾಳಿ, ಅದರ ಹಿಂದೆ ರಾತ್ರಿ ಪಾಳಿ.

ಸಾಹೇಬರ ಆಫೀಸಿನಲ್ಲಿ ಮೂರು ತಾಸು ಕಾಯಿಸಿ
ಪಿಎ ಕೇಳಿದ: "ಎಲ್ಲಾ ನಮ್ಮ ಕ್ಷೇತ್ರದವೇ ಏನು?"
ಹೌದ್ರಿ. ಓಣಿವಾರು ಪಟ್ಟಿ ಅದ, ಬೂತ್‌ ನಂಬರೂ ಅದ.
ಆಗ ಬಾಗಿಲು ತೆರೆಯಿತು.
ಸಾಹೇಬರು ಹಾಳೆ ಮೊಗಚುತ್ತ ಮೊಗಚುತ್ತ
ನಿಧಾನವಾದರು.
"ನೋಡೋಣವ್ವ. ಸದನದಾಗ ಕೈ ಎತ್ತೋಣ."
ಕೈ ಎತ್ತುವುದಕ್ಕೆ ನಮ್ಮಲ್ಲಿ ಎರಡು ಅರ್ಥ.
ಯಾವುದೆಂದು ಕೇಳಬೇಕಿತ್ತು,
ಅಷ್ಟರಲ್ಲಿ ಅವರು ಕನ್ನಡಕ ಇಡಲು ಕಿಸೆ ಸರಿಪಡಿಸಿಕೊಂಡರು.

ಇಸ್ತ್ರಿ ಮಾಡಿದ ಬಿಳಿ ಅಂಗಿ,
ಎದೆಯ ಎಡಕ್ಕೆ, ಕಿಸೆಯ ಅಂಚಿಗೆ
ದಾವಲಸಾಬನ ಅರ್ಧ ಹೆಬ್ಬೆಟ್ಟು.

ಹೇಳಲಿಲ್ಲ ನಾನು.
ದೇವಸುಗೂರಿನ ಒಂದು ಓಣಿ ಇನ್ನೂ ಬಾಕಿಯಿತ್ತು,
ಐದರ ಬಸ್ಸು ಹಿಡಿದೆ.