ಮೂವತ್ತೆರಡು ಹೆಜ್ಜೆ

ಅದನ್ನು ಬೀಳಿಸಿದವನು ನಾನೇ.
ಫೆಬ್ರವರಿಯ ರಾತ್ರಿ, ಎರಡೂವರೆ ಗಂಟೆ,
ಹಿಮ ತಳ್ಳುವ ಲಾರಿಯ ಬಾಯಿಗೆ ಏನೋ ತಗುಲಿ
ಠಣ್ ಎಂದಿತು. ಅಂಚೆ ಡಬ್ಬಿ ಇರಬೇಕು ಅಂದುಕೊಂಡೆ,
ಆ ಚಳಿಗಾಲ ಏಳೆಂಟು ಉರುಳಿಸಿದ್ದೆ.
ನಿಲ್ಲಿಸಲಿಲ್ಲ.

ಹಿಮ ಕರಗಿದ ಮೇಲೆ ಚರಂಡಿಯಲ್ಲಿ ಸಿಕ್ಕಿತು,
ನೀಲಿ ಬಳಿದ ಎರಕದ ಫಲಕ, ಮಕಾಡೆ.
ಇಲ್ಲಿ, 1831ರಲ್ಲಿ, ಆಬೆಲ್ ಟ್ರಸ್ಕಾಟ್
ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ.
ನೆರೆ ಬಂದ ದಿನ ಒಂಬತ್ತು ಜನರೊಂದಿಗೆ ಮುಳುಗಿದ.
ಅಷ್ಟೇ.
ಒಂಬತ್ತು ಹೆಸರಿಗೆ ಕಬ್ಬಿಣ ಸಾಲದೆ ಹೋಗಿತ್ತೇನೋ.

ಇಪ್ಪತ್ತು ವರ್ಷ ಅದರ ಮುಂದೆ
ದಿನಕ್ಕೆ ನಾಲ್ಕು ಸಲ ಹಾದವನು ನಾನು.
ಓದಿದ್ದು ಅವತ್ತೇ ಮೊದಲು,
ಕೈಗವಸಿನಿಂದ ಕೆಸರು ಒರೆಸುತ್ತ.

ಯಾರಿಗೂ ಹೇಳಲಿಲ್ಲ. ಭಾನುವಾರ ನಸುಕಿಗೆ
ಭಾವಮೈದುನ ಲಾಯ್ಡ್‌ನ ಎಬ್ಬಿಸಿಕೊಂಡು ಹೋದೆ,
ಎರಡು ಚೀಲ ಸಿಮೆಂಟು, ಒಂದು ಹಾರೆ.
ಹಳೆಯ ಗುಂಡಿಯಲ್ಲಿ ಕಂಬದ ಬುಡ
ಹಲ್ಲಿನ ಬೇರಿನ ಹಾಗೆ ಕಚ್ಚಿ ಕೂತಿತ್ತು, ಬರಲಿಲ್ಲ.
ಮೆತ್ತನೆ ಮಣ್ಣು ಹುಡುಕುತ್ತ ಹೊಳೆಯ ಗುಂಟ
ಮೂವತ್ತೆರಡು ಹೆಜ್ಜೆ ಕೆಳಗೆ ಬಂದೆವು.
ನೆಟ್ಟಗಿದೆಯಾ?
ಇದೆ, ಇದೆ. ಲಾಯ್ಡ್‌ಗೆ ಕಾಫಿಯ ಅವಸರ.

ಈಗ ಶಾಲೆಯ ಬಸ್ಸು ಅಲ್ಲೇ ನಿಲ್ಲುತ್ತದೆ.
ಟೀಚರು ಕೈ ಚಾಚಿ ತೋರಿಸುವ ದಂಡೆ
ಮೇಕೆಯೂ ಇಳಿಯಲಾರದಷ್ಟು ಕಡಿದು,
ದೋಣಿ ಕಟ್ಟುವ ಮಾತೆಲ್ಲಿ?
ಮಕ್ಕಳು ಬರೆದುಕೊಳ್ಳುತ್ತಾರೆ: ಇಲ್ಲಿ.

ಆ ಇನ್ನೊಂದು ಇಲ್ಲಿಯಲ್ಲಿ
ಪೆಟ್ರೋಲ್ ಬಂಕಿನ ಐಸ್ ಪೆಟ್ಟಿಗೆ
ಹಗಲೂ ರಾತ್ರಿ ಗುಂಯ್‌ಗುಡುತ್ತದೆ.

ಹೋದ ಅಕ್ಟೋಬರಿನಲ್ಲಿ ಒಬ್ಬ ಮುದುಕಿ,
ನೆಬ್ರಾಸ್ಕಾ ನಂಬರಿನ ಕಾರು.
ಒಂಬತ್ತು ಜನರಲ್ಲಿ ಒಬ್ಬಳು
ಅವಳ ಅಜ್ಜಿಯ ಅಜ್ಜಿಯ ತಂಗಿಯಂತೆ, ಮೆಹಿಟಬೆಲ್,
ಹದಿನಾಲ್ಕು ವರ್ಷ, ಕೈಯಲ್ಲಿ ಮೊಟ್ಟೆಯ ಬುಟ್ಟಿ.
ಕಂಬದ ಬುಡಕ್ಕೆ ಸೇವಂತಿಗೆ ಇಟ್ಟು, ಬಗ್ಗಿದವಳು ಬಗ್ಗಿದಂತೆಯೇ
ಇಲ್ಲೇ ಅಲ್ಲವೇ? ಎಂದು ನನ್ನನ್ನೇ ಕೇಳಿದಳು,
ಕಿತ್ತಳೆ ಅಂಗಿಯವನಿಗೆ ರಸ್ತೆಯದೆಲ್ಲ ಗೊತ್ತಿರುತ್ತದೆಂದು.

ಹೊಳೆ ನೋಡಿದೆ.
ಐಸ್ ಪೆಟ್ಟಿಗೆಯ ಕಡೆಯಿಂದ
ನಮ್ಮ ಕಡೆಗೆ ಹರಿದು ಬರುತ್ತಿತ್ತು.

ಇಲ್ಲಿಂದ ಹಾದು ಹೋಗಿದ್ದಾಳೆ, ಅಮ್ಮಾ, ಅಂದೆ.

ಸಂಜೆ ಬಂಕಿನಲ್ಲಿ ಒಂದು ಚೀಲ ಐಸ್ ಕೊಂಡೆ.
ಬೇಕಿರಲಿಲ್ಲ.